ಬಿಡ್ತು ಅನ್ನದ ದಿನ

ಆಂಟಿಯ ಬಲಗೈಯ ಉಂಗುರದ ಬೆರಳಲ್ಲಿ ಒಂದು ಹವಳದ ಉಂಗುರವಿತ್ತು. ಅದು ಎಷ್ಟು ಬಿಗಿಯಾಗಿತ್ತೆಂದರೆ ಅದರ ಎರಡೂ ಕಡೆ ಮಾಂಸ ಉಬ್ಬಿ ನಿಂತಿತ್ತು. ಸೋಪು ಹಚ್ಚಿ ಎಳೆದರೂ, ಕೊಬ್ಬರಿ ಎಣ್ಣೆ ಸವರಿ ತಿರುಗಿಸಿದರೂ, ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ಆ ಬೆರಳನ್ನು ನಾನು ಮೊದಲು ನೋಡಿದ್ದು ಅಡಿಲೇಡ್‌ನ ಸ್ಯಾಲಿಸ್‌ಬರಿಯಲ್ಲಿ, ಅವರ ಮನೆಯ ಬಾಗಿಲಲ್ಲಿ. ಬೆಲ್ ಒತ್ತಿದೆ, ಬಾಗಿಲು ತೆರೆಯಿತು. ಅರವತ್ತೈದು ದಾಟಿದ, ದುಂಡು ದುಂಡಗಿನ ಹೆಂಗಸೊಬ್ಬರು ಹೊಟ್ಟೆಯನ್ನು ಅದೇ ಕೈಯಲ್ಲಿ ಹಿಡಿದುಕೊಂಡು, ಮುಖ ಕಿವುಚಿ, ಮುಂದಕ್ಕೆ ಬಾಗಿ ನಿಂತಿದ್ದರು. ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಅಯ್ಯಯ್ಯೋ, ಆಂಟಿ, ಏನಾಯ್ತು?" ಎಂದು ಕೂಗಿ ಬ್ಯಾಗನ್ನು ಮೆಟ್ಟಿಲ ಮೇಲೇ ಬಿಸಾಡಿದೆ.

ಅವರು ತಟ್ಟನೆ ನೆಟ್ಟಗಾದರು. ಏಪ್ರನ್ ತುದಿಯಿಂದ ಹಣೆ ಒರೆಸಿಕೊಂಡರು. ಬೆವರಲ್ಲ, ನಲ್ಲಿಯ ನೀರು.

"ಡಾಕ್ಟ್ರು ಮೊದ್ಲು 'ಕೂತ್ಕೊಳ್ಳಿ' ಅನ್ಬೇಕು. ನೀನು 'ಅಯ್ಯಯ್ಯೋ' ಅಂದೆ. ಫೇಲ್. ಒಳಗ್ ಬಾ, ಕಾಫಿ ಕುಡಿ."

ಹೊರದೇಶದಲ್ಲಿ ಓದಿದ ಡಾಕ್ಟರು ಇಲ್ಲಿ, ಆಸ್ಟ್ರೇಲಿಯಾದಲ್ಲಿ, ಕೆಲಸ ಮಾಡಬೇಕಾದರೆ ಒಂದು ಕ್ಲಿನಿಕಲ್ ಪರೀಕ್ಷೆ ಪಾಸಾಗಬೇಕು. ಅಲ್ಲಿ ನಿಜವಾದ ರೋಗಿಗಳಿರುವುದಿಲ್ಲ, ರೋಗಿಗಳಂತೆ ನಟಿಸುವವರಿರುತ್ತಾರೆ. ಸಾಲಾಗಿ ಕೋಣೆಗಳು. ಬಾಗಿಲ ಹೊರಗೆ ಎರಡು ನಿಮಿಷ ನಿಂತು ಚೀಟಿ ಓದಬೇಕು. ಒಳಗೆ ಹೋಗಿ ಎಂಟು ನಿಮಿಷದಲ್ಲಿ ಆ ನಟನನ್ನು ಮಾತಾಡಿಸಿ, ರೋಗ ಪತ್ತೆಹಚ್ಚಿ, ಅದನ್ನು ಅವನಿಗೆ ಅರ್ಥವಾಗುವಂತೆ ಹೇಳಬೇಕು. ಗಂಟೆ ಹೊಡೆದ ಕೂಡಲೇ ಎದ್ದು ಮುಂದಿನ ಬಾಗಿಲಿಗೆ ಓಡಬೇಕು. ಪುಸ್ತಕ ಓದಿ ಇದನ್ನು ಕಲಿಯುವುದಕ್ಕಾಗುವುದಿಲ್ಲ, ಎದುರಿಗೆ ಒಬ್ಬ ರೋಗಿ ಬೇಕು. ಆಂಟಿ ನಮ್ಮ ಕಡೆಯ ಡಾಕ್ಟರುಗಳಿಗೆಲ್ಲ ಆ ರೋಗಿಯಾಗುತ್ತಿದ್ದರು. ಹಿತ್ತಲಿನ ಸಣ್ಣ ಬಾಡಿಗೆ ಮನೆಯಲ್ಲಿದ್ದ ಹುಡುಗಿಯೊಬ್ಬಳಿಗೆ ಎಂದೋ ಸಹಾಯಕ್ಕೆ ಕೂತದ್ದು, ಆಮೇಲೆ ಬಾಯಿಂದ ಬಾಯಿಗೆ ಹರಡಿ ಅವರಿಗೆ 'ಪೇಷೆಂಟ್ ಆಂಟಿ' ಎಂಬ ಹೆಸರೇ ಬಿದ್ದಿತ್ತು. ಮೈಸೂರಿನ ಒಂಟಿಕೊಪ್ಪಲಿನವರು. ಮೂವತ್ತು ವರ್ಷದ ಹಿಂದೆ ಗಂಡನ ಜೊತೆ ಬಂದವರು. ಗಂಡ ಕಾರು ಫ್ಯಾಕ್ಟರಿಯಲ್ಲಿದ್ದರು, ತೀರಿಹೋಗಿ ಬಹಳ ಕಾಲವಾಗಿತ್ತು. ಇವರು ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಸೌಟು ಆಡಿಸಿದ್ದರು. ಎಲ್ಲ ಬಗೆಯ ನರಳಾಟವನ್ನೂ ಅಲ್ಲೇ ನೋಡಿ ಕಲಿತೆ ಎನ್ನುತ್ತಿದ್ದರು.

ಅವರ ಬಾಗಿಲಿಗೆ ನಾನು ಹೋಗುವ ಹೊತ್ತಿಗೆ ಎರಡು ಸಲ ಫೇಲಾಗಿದ್ದೆ. ಎರಡೂ ಪರ್ತ್‌ನಲ್ಲಿದ್ದಾಗ. ನನ್ನ ಗಂಡನಿಗೆ ಅಲ್ಲಿ ಗಣಿ ಕಂಪನಿಯೊಂದರ ಸಾಫ್ಟ್‌ವೇರ್ ಕೆಲಸ. ಮೈಸೂರಿನ ಆಸ್ಪತ್ರೆಯಲ್ಲಿ ಆರು ವರ್ಷ ದಿನಕ್ಕೆ ಎಂಬತ್ತು ಜನರನ್ನು ನೋಡಿದ್ದ ನಾನು, ಪರ್ತ್‌ನಲ್ಲಿ ಮನೆಯೊಳಗೆ ಕೂರಲಾರದೆ ಸಿಟಿಗೆ ಹೋಗುತ್ತಿದ್ದೆ. ಅಲ್ಲಿನ ಉಚಿತ ಬಸ್ಸು ಹತ್ತಿ, ಅದೇ ಕಚೇರಿಗಳ ಮುಂದೆ, ಅದೇ ಟೈ ಕಟ್ಟಿದವರ ಮುಂದೆ ಸುತ್ತು ಹಾಕುತ್ತಿದ್ದೆ. ಮೂರನೆಯ ಸುತ್ತಿಗೆ ಡ್ರೈವರ್ ನನ್ನ ಕಡೆ ಒಂಥರಾ ನೋಡುತ್ತಿದ್ದ. ಕಿವಿಯಲ್ಲಿ ಇಯರ್‌ಫೋನ್ ಇರುತ್ತಿತ್ತು. ಅದರಲ್ಲಿ ಬ್ರಿಸ್ಬೇನ್‌ನ ಒಬ್ಬ ಕನ್ನಡ ಹೆಂಗಸಿನ ದನಿ. ಆಕೆ ಮ್ಯಾನಿಫೆಸ್ಟೇಷನ್ ಕೋಚ್. ಆಸ್ಟ್ರೇಲಿಯಾದ ಊರೂರಿನಲ್ಲಿರುವ ಕನ್ನಡದ ಹೆಂಗಸರನ್ನು ಶನಿವಾರ ಬೆಳಗ್ಗೆ ವಿಡಿಯೋ ಕಾಲಿನಲ್ಲಿ ಸೇರಿಸುತ್ತಿದ್ದಳು. ನಿಮಗೆ ಬೇಕಾದ್ದನ್ನು 'ಆಗಲಿ' ಎಂದು ಕೇಳಬೇಡಿ, 'ಆಗಿದೆ' ಎಂದು ಬರೆಯಿರಿ, ಆಗಿದೆ ಎಂಬಂತೆಯೇ ಬದುಕಿ, ಜಗತ್ತು ತಾನಾಗಿ ನಿಮ್ಮ ಕಡೆ ವಾಲುತ್ತದೆ. ಇದು ಆಕೆಯ ಪಾಠ. ಎರಡು ಸಲ ಬಿದ್ದವಳಿಗೆ ವಾಲುವ ಯಾವುದಾದರೂ ಸರಿ ಎನಿಸಿತ್ತು.

ಹಾಗಾಗಿ ದಿನಾ ಬೆಳಗ್ಗೆ 'ನಾನು ಆಸ್ಟ್ರೇಲಿಯಾದಲ್ಲಿ ಡಾಕ್ಟರ್ ಆಗಿದ್ದೇನೆ' ಎಂದು ಮೂವತ್ತಮೂರು ಸಲ ಬರೆಯುತ್ತಿದ್ದೆ. ಫ್ರಿಜ್ಜಿನ ಬಾಗಿಲಿಗೆ ಒಂದು ಕ್ಲಿನಿಕ್ಕಿನ ಚಿತ್ರ ಅಂಟಿಸಿ, ಅದರ ಬೋರ್ಡಿನ ಮೇಲೆ ನನ್ನ ಹೆಸರು ಬರೆದಿದ್ದೆ. ಹೆಸರಿನ ಬ್ಯಾಡ್ಜ್ ಕೂಡ ಮಾಡಿಸಿಕೊಂಡಿದ್ದೆ. ಗಂಡನಿಗೆ ಅಡಿಲೇಡ್‌ನ ರಕ್ಷಣಾ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ ನಾವು ಸ್ಯಾಲಿಸ್‌ಬರಿಗೆ ಬಂದಾಗ ಆ ನೋಟ್‌ಬುಕ್ಕು, ಚಿತ್ರ, ಬ್ಯಾಡ್ಜ್ ಮೂರೂ ಕೈಚೀಲದಲ್ಲೇ ಬಂದವು. ಮೂರನೆಯ ಪರೀಕ್ಷೆಗೆ ಐದು ತಿಂಗಳಿತ್ತು. ಇದೂ ಹೋದರೆ ಡಾಕ್ಟರಿಕೆಯ ಆಸೆ ಬಿಟ್ಟು ಯಾವುದಾದರೂ ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ ಕೂರುವುದು ಎಂದು ನಾನೂ ಗಂಡನೂ ಮಾತಾಡಿಕೊಂಡಾಗಿತ್ತು. ಅವನು ಅದನ್ನು ತುಂಬ ಸಮಾಧಾನದಿಂದ ಹೇಳಿದ, ನನಗೆ ಅದಕ್ಕೇ ಮೈ ಉರಿಯಿತು.

ಆಂಟಿಯ ಮನೆಗೆ ವಾರಕ್ಕೆ ನಾಲ್ಕು ಮಧ್ಯಾಹ್ನ ಹೋಗುತ್ತಿದ್ದೆ. ಅಡುಗೆಮನೆಯ ಮೇಜಿನ ಮೇಲೆ ಕೇಸು ಬರೆದ ಕಾರ್ಡುಗಳ ಕಟ್ಟು. ಹಳೆಯ ಅಭ್ಯರ್ಥಿಗಳು ನೆನಪಿನಿಂದ ಬರೆದಿಟ್ಟವು. ನಾನು ಬಾಗಿಲ ಹೊರಗೆ ನಿಂತು ಚೀಟಿ ಓದುವಷ್ಟರಲ್ಲಿ ಆಂಟಿ ಕನ್ನಡಕ ತೆಗೆದಿಟ್ಟು, ಹಣೆಗೆ ನೀರು ಚಿಮುಕಿಸಿಕೊಂಡು ತಯಾರಾಗುತ್ತಿದ್ದರು. ಒಮ್ಮೆ ಟ್ರಕ್ ಡ್ರೈವರ್, ಒಮ್ಮೆ ಬಾಣಂತಿ, ಒಮ್ಮೆ ಕುಡಿತ ಬಿಡಲಾರದ ಮುದುಕ. ಕಾಲು ಅಗಲಿಸಿ ಕೂತು, "ಯೇ, ನಾ, ಡಾಕ್, ಸರ್ವೋದಲ್ಲಿ ಪೈ ತಿಂದೆ, ದಿಸ್ ಆರ್ವೋ ಎದೆ ಉರಿ" ಎಂದು, ಪೆಟ್ರೋಲ್ ಬಂಕಿಗೆ ಸರ್ವೋ, ಮಧ್ಯಾಹ್ನಕ್ಕೆ ಆರ್ವೋ ಎನ್ನುವ ಇಲ್ಲಿಯವರ ಧಾಟಿಯಲ್ಲೇ ಶುರುಮಾಡಿದರೆ ಎದುರಿಗೆ ನಿಜಕ್ಕೂ ಒಬ್ಬ ದಢೂತಿ ಬಿಳಿಯ ಕೂತಿದ್ದಾನೆ ಅನ್ನಿಸುತ್ತಿತ್ತು. ನನಗೆ ಕೂತಲ್ಲಿ ಕೂರುವ ಅಭ್ಯಾಸವಿಲ್ಲ. ಪ್ರಶ್ನೆ ಕೇಳುತ್ತ ಕೇಳುತ್ತ ಕಾಲು ಕುಣಿಸುತ್ತಿದ್ದೆ, ಗಡಿಯಾರ ನೋಡುತ್ತಿದ್ದೆ.

"ಕಾಲಿಗೇನ್ ಚಕ್ರ ಕಟ್ಕೊಂಡಿದೀಯೇನೆ? ಪೇಷೆಂಟು ಇನ್ನೂ ಬಾಯ್ ಬಿಡೋಕ್ಮುಂಚೆ ಎದ್ದೋಗೋಳ ಥರ ಕೂತಿರ್ತೀಯ," ಎನ್ನುತ್ತಿದ್ದರು. "ನೀನು ನಿನ್ನ ಪ್ರಶ್ನೆ ಕೇಳಿಸ್ಕೋತೀಯ. ನನ್ನ ಉತ್ತರ ಕೇಳಿಸ್ಕೊಳಲ್ಲ. ಫೇಲ್."

ಎಷ್ಟು ಚೆನ್ನಾಗಿ ಮಾಡಿದರೂ ಫೇಲ್. ಐದು ತಿಂಗಳಲ್ಲಿ ಒಂದೇ ಒಂದು ಪಾಸು ಅವರ ಬಾಯಿಂದ ಬರಲಿಲ್ಲ. ಪರೀಕ್ಷಕರಾದರೂ ಇವರಿಗಿಂತ ವಾಸಿ ಎಂದು ಗಂಡನ ಹತ್ತಿರ ಬೈದುಕೊಳ್ಳುತ್ತಿದ್ದೆ.

ಅವರದ್ದು ಒಂದು ಕಟ್ಟಳೆಯಿತ್ತು. ಎಂಟು ನಿಮಿಷದ ಟೈಮರ್ ಕೂಗಿದ ಕೂಡಲೇ, ಫೇಲ್ ಎನ್ನುವುದಕ್ಕೂ ಮೊದಲು, ಅವರು "ಬಿಡ್ತು" ಎನ್ನುತ್ತಿದ್ದರು. ನನ್ನ ಕೈಲೂ ಅನ್ನಿಸುತ್ತಿದ್ದರು. ಕೆಟ್ಟ ಮಾತು ಬಾಯಿಗೆ ಬಂದರೆ 'ಬಿಡ್ತು ಅನ್ನು' ಎಂದು ಗದರಿಸುವ ಹಿರಿಯರು ನಮ್ಮೆಲ್ಲರ ಮನೆಯಲ್ಲೂ ಇದ್ದರಲ್ಲ, ಅದೇ. ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತವೆ, ನಾವು ಆಡಿದ ಮಾತಿಗೆ 'ಅಸ್ತು' ಅಂದುಬಿಟ್ಟರೆ ಅದು ಆಗಿಹೋಗುತ್ತದೆ ಎಂಬ ಭಯ. ದಿನಕ್ಕೆ ನಾಲ್ಕು ರೋಗವನ್ನು ತನ್ನದೆಂದು ಬಾಯಿಬಿಟ್ಟು ಹೇಳುವ ಹೆಂಗಸು ನಾಲ್ಕು ಸಲ ಬಿಡ್ತು ಅನ್ನದೆ ಬಿಡುತ್ತಿರಲಿಲ್ಲ. ಒಂದು ಸಲ ಉಂಗುರದ ಮಾತು ಬಂದಾಗ, "ಇದು ಬರಲ್ಲ ಕಣೆ, ನಾನು ಹೋದ್ಮೇಲೆ ಕತ್ತರಿಸೇ ತೆಗೀಬೇಕು," ಎಂದವರು ತಕ್ಷಣ ನಾಲಿಗೆ ಕಚ್ಚಿಕೊಂಡು ಮೂರು ಸಲ ಬಿಡ್ತು ಬಿಡ್ತು ಬಿಡ್ತು ಅಂದರು.

ಒಂದು ದಿನ ನನ್ನ ನೋಟ್‌ಬುಕ್ಕು ಮೇಜಿನ ಮೇಲೆ ಉಳಿದಿತ್ತು. ತೆರೆದು ನೋಡಿದರು. ಪುಟದ ತುಂಬ ಒಂದೇ ಸಾಲು.

"ಇದೇನೇ ಇದು? ಇಂಪೊಸಿಷನ್ನಾ?"

ನಾನು ಹೇಳಿದೆ. ಬರೆದರೆ ಆಗುತ್ತದೆ ಆಂಟಿ, ಆಗಿದೆ ಅಂತ ನಂಬಬೇಕು, ಎಷ್ಟೋ ಜನಕ್ಕೆ ಆಗಿದೆ.

"ನಮ್ಮಜ್ಜಿ ರಾಮಕೋಟಿ ಬರೀತಿದ್ರು. ಅದ್ರಲ್ಲಿ ರಾಮನ ಹೆಸ್ರಿತ್ತು. ನಿಂದ್ರಲ್ಲಿ ಬರೀ ನಿಂದೇ ಇದೆ," ಎಂದು ನಕ್ಕರು. ಬ್ಯಾಡ್ಜ್ ನೋಡಿದ ಮೇಲಂತೂ, "ಕೂಸು ಹುಟ್ಟೋಕ್ಮುಂಚೆ ಕುಲಾವಿ! ಬರ್ದಿದ್ದೆಲ್ಲ ಆಗೋದಾದ್ರೆ ನಾನು ಸಾಮಾನಿನ ಚೀಟೀಲಿ ಏಲಕ್ಕಿ ಅಂತ ಬರೆದಾಗ್ಲೆಲ್ಲ ಏಲಕ್ಕಿ ನಡ್ಕೊಂಡು ಬರ್ಬೇಕಿತ್ತು," ಎಂದರು.

ನನಗೆ ಸಿಟ್ಟು ಬಂತು. "ನೀವು ಮಾಡೋದೂ ಅದೇ ಅಲ್ವಾ ಆಂಟಿ? ಕೆಟ್ಟದು ಅಂದ್ರೆ ಆಗ್ಬಿಡತ್ತೆ ಅಂತ ಬಿಡ್ತು ಅಂತೀರ. ಕೆಟ್ಟದಕ್ಕೆ ಅಸ್ತು ಅನ್ನೋ ದೇವತೆಗಳು ಒಳ್ಳೇದಕ್ಕೆ ಯಾಕೆ ಅನ್ನಲ್ಲ?"

ಅವರು ಉಪ್ಪಿಟ್ಟಿನ ಬಾಣಲೆ ಕೆರೆದು ಮುಗಿಸಿದರು. ಆಮೇಲೆ ಬಹಳ ಮೆಲ್ಲಗೆ, ಯಾರೋ ಕೇಳಿಸಿಕೊಂಡುಬಿಡುತ್ತಾರೆ ಎಂಬಂತೆ, ಮಗಳ ವಿಷಯ ಹೇಳಿದರು. ಮಗಳು ಅಡಿಲೇಡ್‌ನಲ್ಲೇ, ಅಳಿಯನ ಜೊತೆ. ನಲವತ್ತು ಹತ್ತಿರ. ಹತ್ತು ವರ್ಷ ಆಸ್ಪತ್ರೆ ಸುತ್ತಿ, ನಾಲ್ಕು ಸಲ ಕಳೆದುಕೊಂಡು, ಈಗ ಮತ್ತೆ ನಿಂತಿದೆ. 'ಬಸುರಿ' ಎಂಬ ಪದವನ್ನು ಆಂಟಿ ಆಡಲಿಲ್ಲ. "ಆ ವಿಷ್ಯ ಇದೆ" ಎಂದಷ್ಟೇ ಅಂದು ಕಿಟಕಿಯ ಕಡೆ ನೋಡಿದರು. ಆ ಮನೆಯಲ್ಲಿ ಒಂದು ಹೊಲಿಗೆ ಯಂತ್ರವಿತ್ತು, ನೆರೆಹೊರೆಯ ಎಲ್ಲ ಮಕ್ಕಳಿಗೂ ಅವರು ಫ್ರಾಕು ಹೊಲಿದುಕೊಟ್ಟಿದ್ದರು. ಮಗಳ ಕೂಸಿಗೆಂದು ಮಾತ್ರ ಒಂದು ತುಂಡು ಬಟ್ಟೆಯನ್ನೂ ಕತ್ತರಿಸಿರಲಿಲ್ಲ.

ಪರೀಕ್ಷೆಗೆ ಮೂರು ವಾರವಿದ್ದಾಗ ಕೋಚ್ ಹೊಸ ನೇಮ ಕೊಟ್ಟಳು. ಇಪ್ಪತ್ತೊಂದು ದಿನ ನೆಗೆಟಿವ್ ಮಾತು ಆಡಬೇಡಿ, ಕೇಳಬೇಡಿ, ಒಳ್ಳೆಯ ಕೊನೆಯನ್ನಷ್ಟೇ ಕಣ್ಣ ಮುಂದೆ ತಂದುಕೊಳ್ಳಿ. ಈಗ ಹೇಳುವುದಕ್ಕೂ ನಾಚಿಕೆಯಾಗುತ್ತದೆ, ನಾನು ಆ ಮಾತನ್ನು ತಲೆಯ ಮೇಲೆ ಹೊತ್ತುಕೊಂಡು ಆಂಟಿಯ ಮನೆಗೆ ಹೋಗಿ ಕಾರ್ಡಿನ ಕಟ್ಟಿನಿಂದ ಕ್ಯಾನ್ಸರ್, ಸ್ಟ್ರೋಕ್, ಸಾವಿನ ಸುದ್ದಿ ಹೇಳುವ ಕೇಸುಗಳನ್ನೆಲ್ಲ ಆರಿಸಿ ತೆಗೆದೆ. ವಾಸಿಯಾಗುವ ಕಾಯಿಲೆಗಳನ್ನಷ್ಟೇ ಮಾಡೋಣ ಆಂಟಿ, ಮನಸ್ಸು ಪಾಸಿಟಿವ್ ಆಗಿರಬೇಕು ಎಂದೆ.

"ಅಡುಗೆಯವಳು ಒಲೆ ಕಂಡ್ರೆ ಹೆದರ್ತೀನಿ ಅಂದಂಗಾಯ್ತು," ಎಂದರು ಆಂಟಿ. ಆದರೆ ಎಂದಿನಂತೆ ನಗಲಿಲ್ಲ. ನಾನು ತೆಗೆದಿಟ್ಟ ಕಾರ್ಡುಗಳನ್ನು ಸ್ವಲ್ಪ ಹೊತ್ತು ನೋಡಿದರು. "ಸರಿ. ಇವತ್ತು ಕಾರ್ಡೇ ಬೇಡ. ನಾನೇ ಒಂದ್ ಕೇಸ್ ಹೇಳ್ತೀನಿ. ಟೈಮರ್ ಹಾಕು."

ಕನ್ನಡಕ ತೆಗೆಯಲಿಲ್ಲ. ಹಣೆಗೆ ನೀರು ಹಾಕಿಕೊಳ್ಳಲಿಲ್ಲ. ಕುರ್ಚಿಯಲ್ಲಿ ಕೂತು ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡರು.

"ಸುಸ್ತು ಡಾಕ್ಟ್ರೇ."

"ಇಂಗ್ಲಿಷಲ್ಲಿ ಹೇಳಿ ಆಂಟಿ. ಪರೀಕ್ಷೇಲಿ ಕನ್ನಡ ಇರಲ್ಲ."

"ಇವತ್ತಿನ್ ಪೇಷೆಂಟ್‌ಗೆ ಇಂಗ್ಲಿಷ್ ಬರಲ್ಲ," ಎಂದರು. "ಬಸ್ ಸ್ಟಾಪಿಂದ ಮನೆಗೆ ಬರೋಷ್ಟ್ರಲ್ಲಿ ಎರಡ್ ಸಲ ನಿಂತ್ಕೋತೀನಿ. ನಾಲ್ಕೈದು ತಿಂಗ್ಳಾಯ್ತು. ಊಟ ಸೇರಲ್ಲ. ಬಟ್ಟೆ ಎಲ್ಲ ಸಡ್ಲ ಆಗಿದೆ. ಹೊಟ್ಟೆ ಬಲಗಡೆ ಏನೋ ಭಾರ ಇಟ್ಟಂಗಿರತ್ತೆ."

ಪಟಪಟನೆ ಪ್ರಶ್ನೆ ಕೇಳಿದೆ. ಅವರು ಬೆರಳಿನ ಉಂಗುರವನ್ನು ತಿರುಗಿಸುತ್ತ ತಿರುಗಿಸುತ್ತ ಉತ್ತರ ಹೇಳಿದರು. ಆ ಉಂಗುರಕ್ಕೆ ಕೆಂಪು ದಾರ ಸುತ್ತಿದ್ದರು. ಮಗಳಿಗಾಗಿ ಏನೋ ಹರಕೆಯಿರಬೇಕು ಎಂದುಕೊಂಡೆ. ಅರವತ್ತು ದಾಟಿದವರಿಗೆ ಹೀಗಾದರೆ ಮೊದಲು ಏನನ್ನು ನೆನೆಯಬೇಕು ಎಂಬುದು ಮೂರನೆಯ ವರ್ಷದ ವಿದ್ಯಾರ್ಥಿಗೂ ಗೊತ್ತಿರುತ್ತದೆ. ನನಗೂ ಗೊತ್ತಿತ್ತು, ಆ ಪದ ನಾಲಿಗೆಯ ತುದಿಗೆ ಬಂದಿತ್ತು. ಇಪ್ಪತ್ತೊಂದು ದಿನದ ಮೊದಲನೆಯ ದಿನವೇ ಅದನ್ನು ಆಡುವುದೇ ಎಂದು ನುಂಗಿಕೊಂಡೆ. "ಕಬ್ಬಿಣದ ಅಂಶ ಕಡಿಮೆ ಆಗಿರ್ಬೇಕು. ಒಂದು ರಕ್ತಪರೀಕ್ಷೆ ಮಾಡ್ಸೋಣ, ಮಾತ್ರೆ ಕೊಡ್ತೀನಿ, ಸೊಪ್ಪು ಜಾಸ್ತಿ ತಿನ್ನಿ. ಆರು ವಾರ ಬಿಟ್ಟು ಬನ್ನಿ. ಎಲ್ಲ ಸರಿಹೋಗತ್ತೆ," ಎಂದು ನಗುತ್ತ ಮುಗಿಸಿದೆ.

"ಅಷ್ಟೇನಾ ಡಾಕ್ಟ್ರೇ?"

"ಅಷ್ಟೇ."

ಟೈಮರಿನಲ್ಲಿ ಇನ್ನೂ ಎರಡು ನಿಮಿಷವಿತ್ತು. ನನಗೆ ಹೆಮ್ಮೆಯಾಯಿತು. ಆಂಟಿ ಎದ್ದು ಕಾಫಿಗೆ ನೀರಿಟ್ಟರು. ಫೇಲ್ ಅನ್ನಲಿಲ್ಲ. ನಾನು ಫೋನ್ ತೆಗೆದು ಕೋಚ್‌ಗೆ 'ಇವತ್ತು ತುಂಬಾ ಚೆನ್ನಾಗಾಯ್ತು' ಎಂದು ಮೆಸೇಜ್ ಹಾಕುತ್ತಿದ್ದೆ.

ಪರೀಕ್ಷೆ ಮೆಲ್ಬರ್ನ್‌ನಲ್ಲಿತ್ತು. ಮೊದಲ ಕೋಣೆಯಲ್ಲಿ ಒಬ್ಬ ತರುಣ ಎದೆನೋವು ನಟಿಸಿದ. ಕೇಳಬೇಕಾದ್ದು ಕೇಳಿದೆ, ಹೇಳಬೇಕಾದ್ದು ಹೇಳಿದೆ. ಗಂಟೆ ಹೊಡೆಯಿತು. ಏಳುತ್ತ ಅಭ್ಯಾಸಬಲದಿಂದ ನನ್ನ ಬಾಯಿ "ಬಿಡ್ತು" ಅಂದಿತು. ತರುಣ ಕಣ್ಣರಳಿಸಿದ, ಮೂಲೆಯಲ್ಲಿದ್ದ ಪರೀಕ್ಷಕರು ತಲೆಯೆತ್ತಿದರು. ನಾನು ಸಾರಿ ಎಂದು ಹೊರಬಂದೆ.

ಎರಡನೆಯ ಬಾಗಿಲ ಮುಂದೆ ನಿಂತು ಚೀಟಿ ಓದಲು ಹೋದೆ. ಅಕ್ಷರ ಕಾಣಲಿಲ್ಲ. ಸುಸ್ತು ಎಂದ ಆ ದಿನ ಆಂಟಿ ಬಿಡ್ತು ಅನ್ನಲಿಲ್ಲ, ನನ್ನ ಕೈಲೂ ಅನ್ನಿಸಲಿಲ್ಲ. ಐದು ತಿಂಗಳಲ್ಲಿ ಅದೊಂದೇ ದಿನ. ಜಪ್ಪಯ್ಯ ಅಂದರೂ ಕದಲದ ಉಂಗುರ ಆ ದಿನ ಬೆರಳಲ್ಲಿ ತಿರುಗುತ್ತಿತ್ತು. ಜಾರಿಹೋಗದಿರಲಿ ಎಂದು ದಾರ ಸುತ್ತಿದ್ದರು. ನನ್ನ ಕಣ್ಣೆದುರಿಗೇ ತಿಂಗಳಾನುಗಟ್ಟಲೆ ಒಂದು ಕೈ ಬತ್ತುತ್ತ ಬಂದಿತ್ತು, ನಾನು ಅದನ್ನು ಹರಕೆಯ ದಾರ ಅಂದುಕೊಂಡಿದ್ದೆ. ಎರಡು ನಿಮಿಷ ಮುಗಿಯಿತು. ಬಾಗಿಲು ತೆರೆದುಕೊಂಡು ಒಳಗೆ ಹೋದೆ. ಆಮೇಲಿನ ಕೋಣೆಗಳಲ್ಲಿ ಏನು ಮಾಡಿದೆನೋ ಸರಿಯಾಗಿ ನೆನಪಿಲ್ಲ. ಎದುರಿಗಿದ್ದ ಪ್ರತಿಯೊಬ್ಬರ ಬೆರಳು ನೋಡಿದ್ದು ನೆನಪಿದೆ, ಪ್ರತಿಯೊಬ್ಬರನ್ನೂ 'ಇನ್ನೇನಾದರೂ ಇದೆಯಾ?' ಎಂದು ಎರಡು ಸಲ ಕೇಳಿದ್ದು ನೆನಪಿದೆ. ಕಾಲು ಕುಣಿಯುತ್ತಿರಲಿಲ್ಲ.

ಹೊರಗೆ ಬಂದು ಫುಟ್‌ಪಾತಿನಲ್ಲೇ ನಿಂತು ಫೋನ್ ಮಾಡಿದೆ. ಟ್ರಾಮಿನ ಸದ್ದಿಗೆ ಒಂದು ಕಿವಿ ಮುಚ್ಚಿಕೊಂಡಿದ್ದೆ.

"ಹೇಗ್ ಮಾಡ್ದೆ?" ಎಂದರು ಆಂಟಿ.

"ಆಂಟಿ, ಅವತ್ತು ಹೇಳಿದ್ರಲ್ಲ, ಸುಸ್ತು ಅಂತ. ಅದು ನಾಟಕ ಅಲ್ಲ ಅಲ್ವಾ?"

ಆ ಕಡೆ ಕುಕ್ಕರ್ ಒಂದು ಸಲ ಕೂಗಿತು.

"ಮೊದ್ಲು ಏನಾರೂ ತಿನ್ನು," ಎಂದರು.

ಆ ರಾತ್ರಿಯೇ ಅಡಿಲೇಡ್‌ಗೆ ಮರಳಿ, ಮಾರನೆಯ ದಿನವೇ ಅವರನ್ನು ಜಿಪಿ, ಅಂದರೆ ಬಡಾವಣೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಾಯುವ ಕುರ್ಚಿಯಲ್ಲಿ ಕೂತು ಅವರೇ ಹೇಳಿದರು. ನಿಜವಾದ ಡಾಕ್ಟರ ಮುಂದೆ ಬಾಯಿಬಿಟ್ಟರೆ ಅದು ಕಂಪ್ಯೂಟರಿಗೆ ಹೋಗುತ್ತದೆ, ಕಾಗದವಾಗುತ್ತದೆ, ಮಗಳಿಗೆ ತಿಳಿಯುತ್ತದೆ. ತಿಳಿದರೆ ಆ ವಿಷಯಕ್ಕೆ ಏನಾಗುತ್ತದೋ. "ನಾಟಕದ್ ಮಾತಿಗೆ ಅಸ್ತು ದೇವತೆಗಳು ತಲೆ ಹಾಕಲ್ಲ ಅಂದ್ಕೊಂಡೆ. ನಿಂಗ್ ಹೇಳಿದ್ರೆ ಹೇಳ್ದಂಗೂ ಆಯ್ತು, ಹೇಳ್ದೇ ಇದ್ದಂಗೂ ಆಯ್ತು. ನೀನು ಮಾತ್ರೆ ಅಂದ್ಯಲ್ಲ, ಒಳ್ಳೇದೇ ಆಯ್ತು ಅಂತ ಸುಮ್ನಾದೆ."

ನನಗೆ ಅಲ್ಲೇ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಒಳ್ಳೆಯದನ್ನು ಬರೆದು ಬರಿಸಲು ನಾನು ಹೊರಟಿದ್ದೆ, ಕೆಟ್ಟದ್ದನ್ನು ಆಡದೆ ತಡೆಯಲು ಅವರು ಹೊರಟಿದ್ದರು. ಇಬ್ಬರೂ ಒಂದೇ ಮೇಜಿನ ಎರಡು ಕಡೆ ಕೂತು ಒಂದು ಕಾಯಿಲೆಯನ್ನು ಬೆಳೆಯಲು ಬಿಟ್ಟಿದ್ದೆವು.

ದೊಡ್ಡ ಕರುಳಿನಲ್ಲಿ ಗಡ್ಡೆ, ಲಿವರ್‌ಗೆ ಹರಡಿತ್ತು. ಆ ಮೂರು ವಾರದಿಂದ ಹೆಚ್ಚೇನೂ ವ್ಯತ್ಯಾಸವಾಗುತ್ತಿರಲಿಲ್ಲ ಎಂದು ಸ್ಪೆಷಲಿಸ್ಟ್ ನನಗೆ ಹೇಳಿದರು. ಅವರು ಹೇಳಿದ್ದು ಸರಿಯೇ ಇರಬಹುದು. ನನಗೆ ಸಮಾಧಾನವಾಗಲಿಲ್ಲ, ಇವತ್ತಿಗೂ ಆಗಿಲ್ಲ.

ಆಸ್ಪತ್ರೆಯಲ್ಲಿ ಅದೊಂದು ಮಧ್ಯಾಹ್ನ ಸ್ಪೆಷಲಿಸ್ಟ್ ಬಂದು ಆಂಟಿಯ ಪಕ್ಕ ಕೂತು ಎಲ್ಲವನ್ನೂ ವಿವರಿಸಿ ಹೋದರು. ಆಂಟಿ "ಯಾ, ಯಾ, ಥ್ಯಾಂಕ್ಯೂ ಡಾಕ್ಟರ್" ಎಂದು ತಲೆಯಾಡಿಸಿದರು. ಅವರು ಹೋದ ಮೇಲೆ ನನ್ನ ಕಡೆ ತಿರುಗಿದರು.

"ಅವ್ರು ಇಂಗ್ಲಿಷಲ್ಲಿ ಹೇಳಿದ್ರು. ಬೇರೆ ಯಾರ್ಗೋ ಹೇಳ್ದಂಗಿತ್ತು. ನೀನ್ ಹೇಳು. ಟೈಮರ್ ಹಾಕು."

"ನಂಗಾಗಲ್ಲ ಆಂಟಿ. ನಾನು ಇಲ್ಲಿ ಇನ್ನೂ ಡಾಕ್ಟರ್ ಅಲ್ಲ. ರಿಸಲ್ಟೂ ಬಂದಿಲ್ಲ."

"ದಿನಾ ಮೂವತ್ಮೂರು ಸಲ ಬರೀತಿದ್ಯಲ್ಲೇ, ಆಗಿದೀನಿ ಅಂತ. ಇವತ್ತೊಂದಿನ ಆಗು."

ಫೋನಿನಲ್ಲಿ ಎಂಟು ನಿಮಿಷ ಇಟ್ಟೆ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಅವರು ಎಷ್ಟು ತಿಳಿದುಕೊಂಡಿದ್ದಾರೆ ಎಂದು ಮೊದಲು ಕೇಳಿದೆ. ಅವರೇ ಕಲಿಸಿದ ಪಾಠ. ಹೇಳುವುದನ್ನು ಕೇಳಿಸಿಕೊಂಡೆ. ಆಮೇಲೆ ಹೇಳಿದೆ. "ಕರುಳಲ್ಲಿ ಕ್ಯಾನ್ಸರ್ ಇದೆ ಆಂಟಿ. ಲಿವರ್‌ಗೂ ಹೋಗಿದೆ. ಇದು ವಾಸಿಯಾಗೋದಲ್ಲ. ನೋವಾಗದ ಹಾಗೆ ನೋಡ್ಕೋಬಹುದು, ನೋಡ್ಕೋತಾರೆ."

ಅವರು ಬರಿದಾದ ಬೆರಳನ್ನು ಸವರಿಕೊಳ್ಳುತ್ತಿದ್ದರು. ಉಂಗುರ ಆ ವಾರವಷ್ಟೇ ಸ್ನಾನದ ಮನೆಯಲ್ಲಿ ದಾರದ ಸಮೇತ ತಾನಾಗಿ ಕಳಚಿ ಬಿದ್ದಿತ್ತು.

"ಮಗು ಹುಟ್ಟೋತನ್ಕ ಇರ್ತೀನಾ?" ಮೊದಲ ಸಲ 'ಆ ವಿಷ್ಯ'ವನ್ನು ಅವರು 'ಮಗು' ಎಂದು ಬಾಯಿಬಿಟ್ಟು ಆಡಿದ್ದರು.

ಹೌದು ಎಂದುಬಿಡಬೇಕೆಂದು ನನ್ನ ಇಡೀ ಮೈ ಬೇಡುತ್ತಿತ್ತು.

"ಗೊತ್ತಿಲ್ಲ ಆಂಟಿ," ಎಂದೆ. "ಹೌದು ಅಂದ್ರೆ ಸುಳ್ಳಾಗತ್ತೆ. ಮಗಳಿಗೆ ಇವತ್ತೇ ಹೇಳೋಣ. ನಾನೂ ಜೊತೇಲಿರ್ತೀನಿ."

ಅವರು ಕಣ್ಣು ಮುಚ್ಚಿಕೊಂಡರು. ನಾನು ಅವರ ಕೈ ಹಿಡಿದುಕೊಂಡು ಕೂತೆ. ಟೈಮರ್ ಕೂಗಿದಾಗ ನಾನು ಅಳುತ್ತಿದ್ದೆ. "ಬಿಡ್ತು ಅನ್ನಿ ಆಂಟಿ," ಎಂದೆ.

"ಇದಕ್ಕೆ ಬೇಡ ಕಣೆ. ಆಗಿದ್ದಕ್ಕೆ ಯಾರಾದ್ರೂ ಬಿಡ್ತು ಅಂತಾರಾ?" ಎಂದರು. ಒಂದು ಕಣ್ಣು ತೆರೆದು ನನ್ನನ್ನು ನೋಡಿದರು. "ಅರ್ಧ ಪಾಸ್. ಅಳ್ಬಾರ್ದಾಗಿತ್ತು."

"ಇನ್ನರ್ಧ?"

"ಆಮೇಲ್ ನೋಡೋಣ."

ಮಗಳಿಗೆ ಅದೇ ದಿನ ಹೇಳಿದೆವು. ಅತ್ತಳು, ಅಮ್ಮನಿಗೆ ಬೈದಳು, ಆಮೇಲೆ ಹೊಲಿಗೆ ಯಂತ್ರವನ್ನು ತನ್ನ ಮನೆಗೆ ತರಿಸಿ ಅಮ್ಮನನ್ನೂ ಅಲ್ಲಿಗೇ ಕರೆದುಕೊಂಡಳು. ಆಂಟಿ ದಿನಕ್ಕೆ ಹತ್ತು ನಿಮಿಷ ಕೂತು, ಹಳೆಯ ಹತ್ತಿ ಸೀರೆ ಕತ್ತರಿಸಿ, ಕೂಸು ಹುಟ್ಟುವ ಮುಂಚೆಯೇ ಒಂದು ಕುಲಾವಿ ಹೊಲಿದರು. ಹೊಲಿಯುವಾಗ ನಾನು ಗಾದೆ ನೆನಪಿಸಿದರೆ, "ಕೈ ಇನ್ನೂ ಆಡೋವಾಗ್ಲೇ ಹೊಲೀಬೇಕಲ್ಲ, ಮುಚ್ಕೊಂಡು ದಾರ ಪೋಣಿಸು," ಎಂದರು. ನನ್ನ ರಿಸಲ್ಟ್ ಬಂದದ್ದು ಆ ದಿನಗಳಲ್ಲೇ. ಪಾಸಾಗಿದ್ದೆ. ಓಡಿಹೋಗಿ ಹೇಳಿದಾಗ ಅವರು ಕತ್ತರಿ ಕೆಳಗಿಟ್ಟು, "ಅವ್ರು ಕೊಟ್ಟಿದ್ದು ಅವ್ರದ್ದು. ನಂದು ಇನ್ನೂ ಅರ್ಧಾನೇ," ಎಂದರು.

ಹೆಣ್ಣುಮಗು ಹುಟ್ಟಿತು. ಆಂಟಿ ಅದನ್ನು ಹದಿನಾರು ದಿನ ಎತ್ತಿಕೊಂಡರು, ಹದಿನೇಳನೆಯ ದಿನ ಹೋದರು. ಕುಲಾವಿ ಮಗುವಿನ ತಲೆಗೆ ದೊಡ್ಡದಾಗಿತ್ತು, ಕಣ್ಣಿನ ಮೇಲೆ ಇಳಿಯುತ್ತಿತ್ತು. ಅಂತ್ಯಸಂಸ್ಕಾರದ ದಿನವೂ ಮಗುವಿಗೆ ಅದನ್ನೇ ಹಾಕಿದ್ದರು.

ನಾನೀಗ ಬ್ರಿಸ್ಬೇನ್‌ನ ಸನ್ನಿಬ್ಯಾಂಕ್‌ನಲ್ಲಿ ಒಂದು ಕ್ಲಿನಿಕ್ಕಿನಲ್ಲಿದ್ದೇನೆ. ಬೋರ್ಡಿನ ಮೇಲೆ ನನ್ನ ಹೆಸರಿದೆ. ಹೋದ ತಿಂಗಳು ಅಲ್ಲೇ ತರಕಾರಿ ಅಂಗಡಿಯಲ್ಲಿ ಹೀರೇಕಾಯಿ ಆರಿಸುತ್ತಿದ್ದಾಗ ಕೋಚ್ ಎದುರಾದಳು. ಒಳ್ಳೆಯ ಹೆಂಗಸು, ನನ್ನನ್ನು ಅಪ್ಪಿಕೊಂಡಳು. "ನೋಡಿದ್ರಾ, ಬರ್ದಿದ್ದು ಹಾಗೇ ಆಯ್ತಲ್ಲ! ಶನಿವಾರ ಕಾಲ್‌ಗೆ ಬಂದು ಒಂದೈದು ನಿಮಿಷ ನಿಮ್ಮ ಕಥೆ ಹೇಳಿ, ಎಷ್ಟೋ ಜನಕ್ಕೆ ಧೈರ್ಯ ಬರತ್ತೆ," ಎಂದಳು. ಬರೆದದ್ದು ಆಯಿತು, ಅದು ಸುಳ್ಳಲ್ಲ. ಅದನ್ನು ಬರೆಯುತ್ತ ಕೂತದ್ದಕ್ಕೆ ನನಗೆ ಏನು ಕಾಣದೆ ಹೋಯಿತು ಎಂಬುದನ್ನು ಐದು ನಿಮಿಷದಲ್ಲಿ ಹೇಗೆ ಹೇಳುವುದು? ನೋಡ್ತೀನಿ ಎಂದು ಹೀರೇಕಾಯಿ ತೂಗಿಸಿಕೊಂಡು ಬಂದೆ. ಫೋನ್ ಮಾಡಲಿಲ್ಲ, ಮಾಡಬೇಕೇನೋ ಎಂಬ ಕಿರಿಕಿರಿ ಮಾತ್ರ ಹೋಗಿಲ್ಲ.

ಈಗಲೂ ನನಗೆ ಒಂದು ಕಡೆ ಕೂರಲಾಗುವುದಿಲ್ಲ. ಮನೆಯಲ್ಲಿ ಕೂರಲಾಗುವುದಿಲ್ಲ, ಊಟಕ್ಕೆ ಕೂರಲಾಗುವುದಿಲ್ಲ. ಎದುರಿಗೆ ರೋಗಿ ಕೂತಾಗ ಮಾತ್ರ ಕಾಲು ನಿಲ್ಲುತ್ತದೆ. ಮೊದಲು ಬೆರಳು ನೋಡುತ್ತೇನೆ. ಅವರು ಮಾತು ಮುಗಿಸಿದ ಮೇಲೆ "ಅಷ್ಟೇನಾ?" ಎಂದು ಕೇಳುತ್ತೇನೆ, ಸ್ವಲ್ಪ ಕಾದು ಇನ್ನೊಂದು ಸಲ ಕೇಳುತ್ತೇನೆ. ಎರಡನೆಯ ಸಲಕ್ಕೆ ಬಾಗಿಲ ಹಿಡಿಯ ಮೇಲೆ ಕೈಯಿಟ್ಟವರು ಕೂಡ ತಿರುಗಿ ಬಂದು ಕೂರುವುದುಂಟು. ಸಂಜೆ ಕೊನೆಯ ರೋಗಿ ಹೋದ ಮೇಲೆ, ಇವತ್ತು ಪಾಸೋ ಫೇಲೋ ಎಂದು ಆಂಟಿಯ ದನಿಯನ್ನು ಕೇಳಬೇಕೆನಿಸುತ್ತದೆ. ಉಳಿದ ಆ ಅರ್ಧ ಪಾಸು ಇನ್ನೂ ನನಗೆ ಬರಬೇಕಾಗಿದೆ. ಅದನ್ನು ಕೊಡುವವರು ಇಲ್ಲ.